ಸೂಚಿಪರ್ಣಿ ಕಾಡು ಮತ್ತು ಸೂರ್ಯನ ಬೆಳಕು: ಪರೀಕ್ಷೆಗೆ ಬೇಕಾದ ಮುಖ್ಯಾಂಶಗಳು

ಕಾಡು ಮತ್ತು ಹವಾಮಾನದ ಬಗ್ಗೆ ಪ್ರಶ್ನೆ ಬಂದರೆ ಹೆಚ್ಚಿನವರು ಕಾರ್ಬನ್ ಡೈಆಕ್ಸೈಡ್ ಹೀರಿಕೆಯನ್ನು ಬರೆದು ಮುಗಿಸುತ್ತಾರೆ. ಅದು ಅರ್ಧ ಉತ್ತರ ಮಾತ್ರ. ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಕಾಡು ಎಷ್ಟನ್ನು ಆಕಾಶಕ್ಕೆ ಹಿಂದಿರುಗಿಸುತ್ತದೆ, ಎಷ್ಟನ್ನು ಒಳಗೇ ಉಳಿಸಿಕೊಂಡು ಶಾಖವಾಗಿ ಬದಲಿಸುತ್ತದೆ ಎಂಬುದು ಉಳಿದ ಅರ್ಧ. ಪೈನ್, ಸ್ಪ್ರೂಸ್, ಫರ್ ಮರಗಳ ಉತ್ತರದ ಕಾಡುಗಳಲ್ಲಿ ಈ ಎರಡನೆಯ ಲೆಕ್ಕ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಭೂಗೋಳ, ಪರಿಸರ, ದೂರಸಂವೇದಿ ಈ ಮೂರೂ ಪಠ್ಯಭಾಗಗಳಿಗೆ ಒದಗುವ ವಿಷಯವಿದು. ಮುಖ್ಯ ಅಂಶಗಳು ಇಲ್ಲಿವೆ.

1. ಕಾಡಿನ ಪರಿಚಯ

• ಸುಮಾರು 50 ರಿಂದ 70 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ ಭೂಮಿಯನ್ನು ಸುತ್ತುವರಿದಿರುವ ಸೂಚಿಪರ್ಣಿ ಕಾಡಿನ ಪಟ್ಟಿಗೆ ಟೈಗಾ ಅಥವಾ ಬೋರಿಯಲ್ ಕಾಡು ಎಂದು ಹೆಸರು.
• ರಷ್ಯಾ, ಕೆನಡಾ, ಅಮೆರಿಕದ ಅಲಾಸ್ಕಾ, ಸ್ವೀಡನ್, ಫಿನ್ಲೆಂಡ್, ನಾರ್ವೆ ಇದರ ಮುಖ್ಯ ನೆಲೆಗಳು. ಅತಿ ದೊಡ್ಡ ಪಾಲು ರಷ್ಯಾದ್ದು.
• ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2020ರ ವರದಿಯಂತೆ ಜಗತ್ತಿನ ಒಟ್ಟು ಕಾಡು 406 ಕೋಟಿ ಹೆಕ್ಟೇರ್. ಅದರಲ್ಲಿ ಉಷ್ಣವಲಯದ ಪಾಲು ಶೇ. 45, ಬೋರಿಯಲ್ ಪಾಲು ಶೇ. 27.
• ಮುಖ್ಯ ಮರಗಳು: ಪೈನ್, ಸ್ಪ್ರೂಸ್, ಫರ್, ಲಾರ್ಚ್. ಮೊದಲ ಮೂರು ನಿತ್ಯಹರಿದ್ವರ್ಣ. ಲಾರ್ಚ್ ಮಾತ್ರ ಚಳಿಗಾಲಕ್ಕೆ ಮುಂಚೆ ಎಲೆ ಉದುರಿಸುತ್ತದೆ. ಸೈಬೀರಿಯಾದ ಪೂರ್ವ ಭಾಗದಲ್ಲಿ ಲಾರ್ಚ್‌ನದೇ ದೊಡ್ಡ ಕಾಡುಗಳಿವೆ.

2. ಆಲ್ಬೆಡೊ: ಮೂಲ ಪಾಠ

• ಒಂದು ಮೇಲ್ಮೈ ಮೇಲೆ ಬಿದ್ದ ಸೌರಶಕ್ತಿಯಲ್ಲಿ ಪ್ರತಿಫಲಿಸಿ ಹೋಗುವ ಪಾಲಿಗೆ ಆಲ್ಬೆಡೊ ಎನ್ನುತ್ತಾರೆ. ಬೆಲೆ 0 ಇದ್ದರೆ ಪೂರ್ತಿ ಹೀರಿಕೆ, 1 ಇದ್ದರೆ ಪೂರ್ತಿ ಪ್ರತಿಫಲನ. ಇದು ಅನುಪಾತವಾದ್ದರಿಂದ ಏಕಮಾನವಿಲ್ಲ.
• ನೆನಪಿಡಬೇಕಾದ ಅಂದಾಜು ಬೆಲೆಗಳು:
ಹೊಸ ಹಿಮ: 0.80–0.90
ಹಳೆಯ, ಕರಗುತ್ತಿರುವ ಹಿಮ: 0.40–0.60
ಮರಳುಗಾಡು: 0.30–0.40
ಹುಲ್ಲುಗಾವಲು: 0.20–0.25
ಅಗಲ ಎಲೆಯ ಪರ್ಣಪಾತಿ ಕಾಡು: 0.15–0.18
ಸೂಚಿಪರ್ಣಿ ಕಾಡು: 0.08–0.15
ಸೂರ್ಯ ನೆತ್ತಿಯ ಮೇಲಿದ್ದಾಗ ತೆರೆದ ಕಡಲು: ಸುಮಾರು 0.06
ಇಡೀ ಭೂಮಿಯ ಸರಾಸರಿ: ಸುಮಾರು 0.30
• ನೆಲದ ಮೇಲಿನ ಸಸ್ಯಾವರಣಗಳಲ್ಲಿ ಅತ್ಯಂತ ಗಾಢವಾದವುಗಳಲ್ಲಿ ಸೂಚಿಪರ್ಣಿ ಕಾಡು ಒಂದು. ಬಿದ್ದ ಬಿಸಿಲಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಅದು ಉಳಿಸಿಕೊಳ್ಳುತ್ತದೆ.

3. ಒಂದು ಸೂಜಿ ಎಲೆಯಲ್ಲಿ ಬೆಳಕಿಗೆ ಏನಾಗುತ್ತದೆ?

• ಎಲೆಯನ್ನು ತಾಕಿದ ಬೆಳಕಿಗೆ ಮೂರೇ ದಾರಿ: ಹೀರಿಕೆ, ಪ್ರತಿಫಲನ, ಎಲೆಯನ್ನು ದಾಟಿ ಹೋಗುವುದು. ಪ್ರತಿಫಲಿಸಿದ ಪಾಲು ಮತ್ತು ದಾಟಿ ಹೋದ ಪಾಲು ಸೇರಿದರೆ ಅದು ಎಲೆ ಚದುರಿಸಿದ ಬೆಳಕು.
• ನೀಲಿ ಬೆಳಕನ್ನು (430–450 ನ್ಯಾನೊಮೀಟರ್ ಆಸುಪಾಸು) ಮತ್ತು ಕೆಂಪು ಬೆಳಕನ್ನು (660–680 ನ್ಯಾನೊಮೀಟರ್ ಆಸುಪಾಸು) ಪತ್ರಹರಿತ್ತು ಬಲವಾಗಿ ಹೀರುತ್ತದೆ. ನಡುವೆ 550 ನ್ಯಾನೊಮೀಟರ್ ಸುತ್ತ ಹೀರಿಕೆ ಸ್ವಲ್ಪ ಕಡಿಮೆ, ಆದ್ದರಿಂದಲೇ ಎಲೆ ಹಸಿರು.
• 680 ರಿಂದ 750 ನ್ಯಾನೊಮೀಟರ್ ನಡುವೆ ಪ್ರತಿಫಲನ ಥಟ್ಟನೆ ಏರುತ್ತದೆ. ಈ ಏರಿಗೆ 'ಕೆಂಪು ಅಂಚು' ಎಂದು ಹೆಸರು. ಸಸ್ಯದ ಆರೋಗ್ಯ ಅಳೆಯಲು ಉಪಗ್ರಹಗಳು ಇದನ್ನು ಬಳಸುತ್ತವೆ.
• 750 ರಿಂದ 1300 ನ್ಯಾನೊಮೀಟರ್ ತನಕದ ಸಮೀಪ ಅವಕೆಂಪು ಭಾಗದಲ್ಲಿ ಎಲೆಯ ವರ್ಣದ್ರವ್ಯಗಳು ಬಹುತೇಕ ಏನನ್ನೂ ಹೀರುವುದಿಲ್ಲ. ಜೀವಕೋಶದ ಗೋಡೆ ಮತ್ತು ಒಳಗಿನ ಗಾಳಿಯ ಸಂದುಗಳ ಗಡಿಯಲ್ಲಿ ಬೆಳಕು ಮತ್ತೆ ಮತ್ತೆ ತಿರುಗಿ ಹೆಚ್ಚಿನ ಪಾಲು ಹೊರಗೆ ಚದುರುತ್ತದೆ.
• 1450 ಮತ್ತು 1940 ನ್ಯಾನೊಮೀಟರ್ ಬಳಿ ಎಲೆಯಲ್ಲಿರುವ ನೀರು ಬೆಳಕನ್ನು ಹೀರುತ್ತದೆ. ಎಲೆ ಒಣಗಿದೆಯೇ ಎಂದು ದೂರದಿಂದ ತಿಳಿಯಲು ಈ ಪಟ್ಟಿಗಳೇ ಆಧಾರ.
• ಸೂಜಿ ಎಲೆಗಳ ಮೇಲೆ ಮೇಣದ ಲೇಪವಿರುತ್ತದೆ. ನೀಲಿ ಸ್ಪ್ರೂಸ್ ಮರದಲ್ಲಿ ಈ ಮೇಣದ ಅತಿ ಸಣ್ಣ ರಚನೆಗಳು ನೀಲಿ ಮತ್ತು ಅತಿನೇರಳೆ ಕಿರಣಗಳನ್ನು ಹೆಚ್ಚಾಗಿ ಚದುರಿಸುತ್ತವೆ. ಅದರ ಬೂದಿ ಮಿಶ್ರಿತ ನೀಲಿ ಬಣ್ಣಕ್ಕೆ ಇದೇ ಕಾರಣ.

4. ಕಾಡು ಒಂಟಿ ಎಲೆಗಿಂತ ಏಕೆ ಕಪ್ಪು?

ಈ ಪಾಠದ ತಿರುಳು ಇರುವುದು ಇಲ್ಲಿ. ಸೂಜಿ ಎಲೆಯೊಂದನ್ನೇ ಅಳೆದರೆ ಅದು ಅಗಲ ಎಲೆಗಿಂತ ಅಷ್ಟೇನೂ ಕಪ್ಪಲ್ಲ. ಕಾಡನ್ನು ಕಪ್ಪಾಗಿಸುವುದು ಎಲೆಗಳ ಜೋಡಣೆ.

• ಸೂಜಿಗಳು ರೆಂಬೆಯ ಸುತ್ತ ಗೊಂಚಲು ಗೊಂಚಲಾಗಿ ಒತ್ತಾಗಿವೆ. ಒಂದು ಸೂಜಿ ಚದುರಿಸಿದ ಬೆಳಕು ಹೊರಬೀಳುವ ಮುನ್ನ ಪಕ್ಕದ ಸೂಜಿಗೆ ಬಡಿಯುತ್ತದೆ. ಪ್ರತಿ ಬಡಿತದಲ್ಲೂ ಒಂದಷ್ಟು ಹೀರಿಕೆಯಾಗುತ್ತದೆ.
• ಹೀಗೆ ಮತ್ತೆ ಬಡಿಯುವ ಸಾಧ್ಯತೆಯನ್ನು 'ಮರುಡಿಕ್ಕಿ ಸಂಭಾವ್ಯತೆ' ಎಂದು ಲೆಕ್ಕ ಹಾಕುವ ವಿಧಾನವನ್ನು ಹೆಲ್ಸಿಂಕಿ ವಿಶ್ವವಿದ್ಯಾಲಯದ ಪೌಲಿನ್ ಸ್ಟೆನ್‌ಬರ್ಗ್, ಸಂಪೊ ಸ್ಮೊಲಾಂಡರ್ ಮೊದಲಾದವರು 2000ದ ದಶಕದಲ್ಲಿ ಬೆಳೆಸಿದರು.
• ಸೂತ್ರ: ರೆಂಬೆ ಚದುರಿಸುವ ಪಾಲು = ಎಲೆ ಚದುರಿಸುವ ಪಾಲು × (1 − ಮರುಡಿಕ್ಕಿ ಸಂಭಾವ್ಯತೆ) ÷ (1 − ಮರುಡಿಕ್ಕಿ ಸಂಭಾವ್ಯತೆ × ಎಲೆ ಚದುರಿಸುವ ಪಾಲು).
• ಮಾದರಿ ಲೆಕ್ಕ: ಮರುಡಿಕ್ಕಿ ಸಂಭಾವ್ಯತೆ 0.45 ಎಂದಿರಲಿ. ಕೆಂಪು ಬೆಳಕಿನಲ್ಲಿ ಎಲೆ 0.10 ಪಾಲು ಚದುರಿಸಿದರೆ ರೆಂಬೆ ಚದುರಿಸುವುದು ಸುಮಾರು 0.058. ಸಮೀಪ ಅವಕೆಂಪಿನಲ್ಲಿ ಎಲೆ 0.90 ಪಾಲು ಚದುರಿಸಿದರೆ ರೆಂಬೆ ಚದುರಿಸುವುದು ಸುಮಾರು 0.83.
• ಇದರ ಅರ್ಥ: ಎಲೆ ಹೆಚ್ಚು ಹೀರುವ ಬಣ್ಣದಲ್ಲಿ ಗೊಂಚಲಿನಿಂದಾಗುವ ನಷ್ಟ ದೊಡ್ಡದು (ಇಲ್ಲಿ ಸುಮಾರು ಶೇ. 42), ಕಡಿಮೆ ಹೀರುವ ಬಣ್ಣದಲ್ಲಿ ಸಣ್ಣದು (ಸುಮಾರು ಶೇ. 8).
• ರೆಂಬೆಯಲ್ಲಿ ನಡೆದದ್ದೇ ಮರದ ತಲೆಯಲ್ಲಿ, ಮರಗಳ ನಡುವಿನ ಸಂದುಗಳಲ್ಲಿ ಮರುಕಳಿಸುತ್ತದೆ. ಶಂಕುವಿನಾಕಾರದ ಮರಗಳು ಒಂದರ ಮೇಲೊಂದು ನೆರಳು ಚೆಲ್ಲುತ್ತವೆ. ತೊಗಟೆ, ಕೊಂಬೆಗಳೂ ತಮ್ಮ ಪಾಲು ಹೀರುತ್ತವೆ.
• ಆದ್ದರಿಂದ ಸಮೀಪ ಅವಕೆಂಪಿನಲ್ಲೂ ಸೂಚಿಪರ್ಣಿ ಕಾಡಿನ ಪ್ರತಿಫಲನ ಅಗಲ ಎಲೆಯ ಕಾಡಿಗಿಂತ ಕಡಿಮೆ. ಕೃತಕ ವರ್ಣದ ಉಪಗ್ರಹ ಚಿತ್ರದಲ್ಲಿ ಅಗಲ ಎಲೆಯ ಕಾಡು ಹೊಳೆಯುವ ಕೆಂಪಾಗಿ, ಸೂಚಿಪರ್ಣಿ ಕಾಡು ಮಂಕು ಕೆಂಪಾಗಿ ಕಾಣುವುದು ಇದರಿಂದಲೇ.
• ಮರಗಳು ವಿರಳವಾಗಿರುವ ಕಡೆ ನೆಲವೂ ಲೆಕ್ಕಕ್ಕೆ ಬರುತ್ತದೆ. ಉತ್ತರದ ಒಣ ಪೈನ್ ಕಾಡುಗಳ ನೆಲದಲ್ಲಿ ಹಿಮಸಾರಂಗ ಮೇಯುವ ತಿಳಿಬಣ್ಣದ ಕಲ್ಲುಹೂವು ಹಾಸಿಕೊಂಡಿರುತ್ತದೆ. ಮೇಲಿಂದ ನೋಡಿದಾಗ ಕಾಡಿನ ಒಟ್ಟು ಹೊಳಪನ್ನು ಅದು ಹೆಚ್ಚಿಸುತ್ತದೆ.

5. ನೋಡುವ ದಿಕ್ಕು ಬದಲಾದರೆ ಹೊಳಪೂ ಬದಲು

• ಕಾಡು ಬೆಳಕನ್ನು ಎಲ್ಲ ದಿಕ್ಕಿಗೂ ಸಮವಾಗಿ ಚದುರಿಸುವುದಿಲ್ಲ. ಸೂರ್ಯನ ಕೋನ ಮತ್ತು ನೋಡುವ ಕೋನಕ್ಕೆ ತಕ್ಕಂತೆ ಪ್ರತಿಫಲನ ಹೇಗೆ ಬದಲಾಗುತ್ತದೆ ಎಂಬುದನ್ನು ವಿವರಿಸುವ ಗಣಿತಕ್ಕೆ ಬಿಆರ್‌ಡಿಎಫ್ ಎಂದು ಹೆಸರು.
• ಸೂರ್ಯ ನೋಡುಗನ ಬೆನ್ನ ಹಿಂದೆ ನೇರವಾಗಿದ್ದರೆ ಪ್ರತಿ ಎಲೆಯ ನೆರಳೂ ಆ ಎಲೆಯ ಹಿಂದೆಯೇ ಅಡಗುತ್ತದೆ. ಕಾಣುವುದೆಲ್ಲ ಬಿಸಿಲು ಬಿದ್ದ ಭಾಗವೇ ಆಗಿರುವುದರಿಂದ ಕಾಡು ಅತಿ ಹೊಳಪಾಗಿ ತೋರುತ್ತದೆ. ಇದಕ್ಕೆ 'ಹಾಟ್‌ಸ್ಪಾಟ್ ಪರಿಣಾಮ' ಎನ್ನುತ್ತಾರೆ.
• ಸೂರ್ಯನಿಗೆ ಎದುರಾಗಿ ನೋಡಿದರೆ ನೆರಳಿನ ಭಾಗಗಳೇ ಕಣ್ಣಿಗೆ ಬಿದ್ದು ಅದೇ ಕಾಡು ಕಪ್ಪಾಗುತ್ತದೆ.
• ನಾಸಾದ ಟೆರ್ರಾ ಉಪಗ್ರಹ (ಉಡಾವಣೆ 18 ಡಿಸೆಂಬರ್ 1999) ಈ ಅಧ್ಯಯನಕ್ಕೆ ಮುಖ್ಯ. ಅದರಲ್ಲಿರುವ ಮಿಸ್ರ್ ಉಪಕರಣದ 9 ಕ್ಯಾಮೆರಾಗಳು ಒಂದೇ ಜಾಗವನ್ನು 9 ಕೋನಗಳಿಂದ ನೋಡುತ್ತವೆ. ಮೋಡಿಸ್ ಉಪಕರಣ 16 ದಿನಗಳ ಅವಧಿಯ ಚಿತ್ರಗಳನ್ನು ಸೇರಿಸಿ ಆಲ್ಬೆಡೊ ಲೆಕ್ಕ ಹಾಕುತ್ತದೆ.
• ಸಸ್ಯ ಸೂಚ್ಯಂಕ ಎನ್‌ಡಿವಿಐ = (ಸಮೀಪ ಅವಕೆಂಪು − ಕೆಂಪು) ÷ (ಸಮೀಪ ಅವಕೆಂಪು + ಕೆಂಪು). ಬೆಲೆ −1 ರಿಂದ +1 ರೊಳಗೆ ಇರುತ್ತದೆ.

6. ಹಿಮವನ್ನು ಮರೆಮಾಡುವ ಕಾಡು

• ಬಯಲಿನಲ್ಲಿ ಹಿಮ ಬಿದ್ದರೆ ನೆಲ ಬಿಳಿಯಾಗಿ ಬಿಸಿಲನ್ನು ತಿರುಗಿಸುತ್ತದೆ. ಸ್ಪ್ರೂಸ್ ಕಾಡಿನಲ್ಲಿ ಹಿಮ ಕೆಳಗೆ ಉಳಿದು ಮೇಲೆ ಗಾಢ ಹಸಿರು ಹಾಸಿರುತ್ತದೆ. ಕೊಂಬೆ ಮೇಲೆ ನಿಂತ ಹಿಮವೂ ಜಾರಿ ಬೀಳುತ್ತದೆ, ಗಾಳಿಗೆ ಉದುರುತ್ತದೆ ಅಥವಾ ನೇರವಾಗಿ ಆವಿಯಾಗುತ್ತದೆ.
• ಈ ಉತ್ತರದ ಅಕ್ಷಾಂಶಗಳಲ್ಲಿ ಚಳಿಗಾಲದ ಸೂರ್ಯ ಬಾನಂಚಿನಲ್ಲೇ ಸಾಗುತ್ತಾನೆ. ಓರೆಯಾಗಿ ಬರುವ ಕಿರಣಗಳು ನೆಲ ಮುಟ್ಟುವ ಮುನ್ನವೇ ಮರಗಳಿಗೆ ಸಿಗುತ್ತವೆ.
• ಇದನ್ನು ಅಳೆದು ತೋರಿಸಿದ್ದು ಬೋರಿಯಾಸ್ ಯೋಜನೆ (1993–1996). ನಾಸಾ ಮತ್ತು ಕೆನಡಾದ ಸಂಸ್ಥೆಗಳು ಸಸ್ಕ್ಯಾಚೆವನ್‌ನ ಪ್ರಿನ್ಸ್ ಆಲ್ಬರ್ಟ್ ಬಳಿ ಮತ್ತು ಮ್ಯಾನಿಟೋಬಾದ ಥಾಂಪ್ಸನ್ ಬಳಿ ಇದನ್ನು ನಡೆಸಿದವು. ಮುಂದೆ ಗಗನಯಾತ್ರಿಯಾದ ಪಿಯರ್ಸ್ ಸೆಲರ್ಸ್ ಇದರ ಮುಂಚೂಣಿಯಲ್ಲಿದ್ದರು.
• ಹಿಮಗಾಲದ ಆಲ್ಬೆಡೊ ಬೆಲೆಗಳು: ಹುಲ್ಲುನೆಲ ಸುಮಾರು 0.75, ಎಲೆಯುದುರಿದ ಆಸ್ಪೆನ್ ಕಾಡು ಸುಮಾರು 0.21, ಸೂಚಿಪರ್ಣಿ ಕಾಡು 0.11 ರಿಂದ 0.15. ಬೇಸಿಗೆಯಲ್ಲಿ ಸೂಚಿಪರ್ಣಿ ಕಾಡಿನದು ಸುಮಾರು 0.08.
• ಮಾದರಿ ಲೆಕ್ಕ: ಚದರ ಮೀಟರಿಗೆ 500 ವ್ಯಾಟ್ ಬಿಸಿಲು ಬಿದ್ದಿದೆ ಎಂದಿರಲಿ. 0.75 ಆಲ್ಬೆಡೊ ಇರುವ ಹಿಮದ ಬಯಲು ಹೀರುವುದು 125 ವ್ಯಾಟ್. 0.13 ಆಲ್ಬೆಡೊ ಇರುವ ಕಾಡು ಹೀರುವುದು 435 ವ್ಯಾಟ್. ವ್ಯತ್ಯಾಸ 310 ವ್ಯಾಟ್.
• ಈ ಅಳತೆಯಿಂದ ಹವಾಮಾನ ಮುನ್ಸೂಚನೆಯೇ ಸುಧಾರಿಸಿತು. ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರದ ಮಾದರಿಯಲ್ಲಿ ಹಿಮ ಬಿದ್ದ ಕಾಡಿನ ಆಲ್ಬೆಡೊವನ್ನು 0.8 ಎಂದು ಇಡಲಾಗಿತ್ತು. ಅದನ್ನು 0.2ಕ್ಕೆ ಇಳಿಸಿದ ಮೇಲೆ ಮಾರ್ಚ್–ಏಪ್ರಿಲ್ ತಿಂಗಳುಗಳಲ್ಲಿ ಉಷ್ಣಾಂಶವನ್ನು ವಾಸ್ತವಕ್ಕಿಂತ ಕಡಿಮೆ ತೋರಿಸುತ್ತಿದ್ದ ದೋಷ ಗಣನೀಯವಾಗಿ ತಗ್ಗಿತು.
• ಪರಿಣಾಮ ಅತಿ ಹೆಚ್ಚಾಗುವುದು ವಸಂತದಲ್ಲಿ. ಡಿಸೆಂಬರಿನಲ್ಲಿ ಹಿಮವಿದ್ದರೂ ಬಿಸಿಲಿಲ್ಲ, ಜುಲೈಯಲ್ಲಿ ಬಿಸಿಲಿದ್ದರೂ ಹಿಮವಿಲ್ಲ. ಎರಡೂ ಒಟ್ಟಿಗೆ ಸಿಗುವುದು ಮಾರ್ಚ್, ಏಪ್ರಿಲ್‌ನಲ್ಲಿ.

7. ಕಾರ್ಬನ್ ಒಂದು ಕಡೆ, ಬಣ್ಣ ಇನ್ನೊಂದು ಕಡೆ

• ಕಾಡು ಹವಾಮಾನವನ್ನು ಪ್ರಭಾವಿಸುವ ಮೂರು ದಾರಿಗಳು: ಕಾರ್ಬನ್ ಸಂಗ್ರಹ (ತಂಪು), ನೀರನ್ನು ಆವಿಯಾಗಿಸುವುದು (ತಂಪು), ಕಡಿಮೆ ಆಲ್ಬೆಡೊ (ಬಿಸಿ).
• ಉಷ್ಣವಲಯದ ಕಾಡಿನಲ್ಲಿ ಮೊದಲೆರಡು ಪ್ರಬಲ. ಬೋರಿಯಲ್ ವಲಯದಲ್ಲಿ ಆವಿಯಾಗುವಿಕೆ ದುರ್ಬಲ, ಆಲ್ಬೆಡೊ ಪ್ರಬಲ.
• 1992: ಗಾರ್ಡನ್ ಬೊನಾನ್ ಮತ್ತು ಸಂಗಡಿಗರು ಬೋರಿಯಲ್ ಕಾಡು ಇಲ್ಲವಾದರೆ ಉತ್ತರ ಭಾಗ ಇನ್ನಷ್ಟು ತಣ್ಣಗಾಗುತ್ತದೆ ಎಂದು ಮಾದರಿಯಿಂದ ತೋರಿಸಿದರು.
• 2000: ರಿಚರ್ಡ್ ಬೆಟ್ಸ್, ಬೋರಿಯಲ್ ವಲಯದಲ್ಲಿ ಹೊಸದಾಗಿ ಕಾಡು ಬೆಳೆಸಿದರೆ ಕಾರ್ಬನ್‌ನಿಂದ ಸಿಗುವ ಲಾಭವನ್ನು ಆಲ್ಬೆಡೊ ಇಳಿಕೆ ಅಳಿಸಿಹಾಕಬಲ್ಲದು ಎಂದು 'ನೇಚರ್' ಪತ್ರಿಕೆಯಲ್ಲಿ ಬರೆದರು.
• 2016: 'ಸೈನ್ಸ್' ಪತ್ರಿಕೆಯ ಅಧ್ಯಯನವೊಂದು 1750ರಿಂದೀಚಿನ ಯುರೋಪಿನ ಅರಣ್ಯ ನಿರ್ವಹಣೆಯನ್ನು ಪರಿಶೀಲಿಸಿತು. ಅಗಲ ಎಲೆಯ ಮರಗಳ ಜಾಗದಲ್ಲಿ ಸೂಚಿಪರ್ಣಿ ಮರಗಳನ್ನು ಬೆಳೆಸಿದ್ದು ತಂಪಿನ ಬದಲು ಬಿಸಿಗೆ ನೆರವಾಗಿದೆ ಎಂಬುದು ಅದರ ತೀರ್ಮಾನ.

8. ಬೆಂಗಳೂರಿನ ಕೊಂಡಿ ಮತ್ತು ನಮ್ಮ ಮುಂಗಾರು

• 2007ರಲ್ಲಿ ಗೋವಿಂದಸಾಮಿ ಬಾಲ ಮತ್ತು ಸಹಲೇಖಕರು ಅಮೆರಿಕದ 'ಪಿಎನ್‌ಎಎಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಈ ಕ್ಷೇತ್ರದ ಮೈಲಿಗಲ್ಲು. ಆಗ ಅವರು ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿದ್ದರು. ನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು.
• ಅದರ ಸಾರ: ಉಷ್ಣವಲಯದಲ್ಲಿ ಕಾಡು ಬೆಳೆಸುವುದು ಭೂಮಿಯನ್ನು ತಂಪಾಗಿಸಲು ನೆರವಾಗುತ್ತದೆ. ಸಮಶೀತೋಷ್ಣ ವಲಯದಲ್ಲಿ ಲಾಭ ಅತ್ಯಲ್ಪ. ಬೋರಿಯಲ್ ವಲಯದಲ್ಲಿ ಅದೇ ಕೆಲಸ ತದ್ವಿರುದ್ಧ ಫಲ ಕೊಡಬಹುದು.
• ಆದರೆ ತಂಪಿಗಾಗಿ ಉತ್ತರದ ಕಾಡು ಕಡಿಯಿರಿ ಎಂದು ಅದು ಹೇಳುವುದಿಲ್ಲ. ಪರಿಸರ ವ್ಯವಸ್ಥೆಗಳನ್ನು ಉಳಿಸಲೆಂದೇ ತಾಪಮಾನ ಏರಿಕೆಯನ್ನು ತಡೆಯಲು ಹೊರಟಿರುವಾಗ, ಅದಕ್ಕಾಗಿ ಆ ವ್ಯವಸ್ಥೆಗಳನ್ನೇ ನಾಶಮಾಡುವುದು ವಿಪರೀತವೆಂದು ಲೇಖಕರೇ ಎಚ್ಚರಿಸಿದ್ದಾರೆ.
• 2015ರಲ್ಲಿ ಎನ್. ದೇವರಾಜು, ಜಿ. ಬಾಲ ಮತ್ತು ಅಂಶುಮಾನ್ ಮೋಡಕ್ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಉತ್ತರದ ಮಧ್ಯ ಮತ್ತು ಮೇಲಿನ ಅಕ್ಷಾಂಶಗಳ ಕಾಡನ್ನು ದೊಡ್ಡ ಪ್ರಮಾಣದಲ್ಲಿ ಕಡಿದರೆ ಆ ಭಾಗ ಹೆಚ್ಚು ಪ್ರತಿಫಲಿಸಿ ತಣ್ಣಗಾಗುತ್ತದೆ. ಐಟಿಸಿಜೆಡ್ ಎಂಬ ಮಾರುತಗಳ ಒಮ್ಮುಖ ವಲಯ ದಕ್ಷಿಣಕ್ಕೆ ಸರಿಯುತ್ತದೆ. ಉತ್ತರ ಗೋಳಾರ್ಧದ ಮುಂಗಾರು ಕುಗ್ಗುತ್ತದೆ.
• ಅತಿ ಹೆಚ್ಚು ಪೆಟ್ಟು ದಕ್ಷಿಣ ಏಷ್ಯಾಕ್ಕೆ: ಆ ಮಾದರಿಯಲ್ಲಿ ಭಾರತದ ಮಳೆ ಶೇ. 18 ಇಳಿಯಿತು. ಸೈಬೀರಿಯಾ, ಕೆನಡಾದ ಮರಗಳ ಗಾಢ ಬಣ್ಣಕ್ಕೂ ನಮ್ಮ ಹೊಲದ ಮಳೆಗೂ ಸಂಬಂಧವಿದೆ ಎಂಬುದನ್ನು ಉತ್ತರದಲ್ಲಿ ಬರೆಯಲು ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ.

9. ಬೆಂಕಿ ಮತ್ತು ಸರಿಯುತ್ತಿರುವ ಕಾಡಿನ ಗಡಿ

• ಕಾಳ್ಗಿಚ್ಚಿನ ಬಳಿಕ ಮೊದಲ ಬೇಸಿಗೆಯಲ್ಲಿ ಇದ್ದಿಲಿನಿಂದ ನೆಲ ಕಪ್ಪಾಗುತ್ತದೆ. ಮುಂದಿನ ವರ್ಷಗಳಲ್ಲಿ ಮೇಲೆ ಮರವಿಲ್ಲದೆ ವಸಂತದ ಹಿಮ ಬಯಲಾಗಿ ಪ್ರತಿಫಲನ ದಶಕಗಳ ಕಾಲ ಹೆಚ್ಚಾಗಿರುತ್ತದೆ.
• ಅಲಾಸ್ಕಾದ 1999ರ ಕಾಳ್ಗಿಚ್ಚೊಂದನ್ನು ಆಧರಿಸಿದ 2006ರ ಅಧ್ಯಯನದಲ್ಲಿ ಮೊದಲ ವರ್ಷದ ಪರಿಣಾಮ ಬಿಸಿಯಾಗಿತ್ತು, 80 ವರ್ಷಗಳ ಸರಾಸರಿ ಸ್ವಲ್ಪ ತಂಪಾಗಿತ್ತು. ಸುಟ್ಟ ಮಣ್ಣು ಮತ್ತು ಜವುಗು ನೆಲದಿಂದ ಹೊರಡುವ ಕಾರ್ಬನ್ ಜಾಗದಿಂದ ಜಾಗಕ್ಕೆ ಬೇರೆಯಾದ್ದರಿಂದ ಇದನ್ನು ಎಲ್ಲ ಬೆಂಕಿಗೂ ಅನ್ವಯಿಸಬಾರದು.
• ಹವೆ ಬಿಸಿಯಾದಂತೆ ಮರಗಳು ಟಂಡ್ರಾದೊಳಕ್ಕೆ ಹಬ್ಬುತ್ತವೆ. ಬಿಳಿ ನೆಲ ಗಾಢವಾಗಿ ಇನ್ನಷ್ಟು ಬಿಸಿಲು ಹೀರಿಕೆಯಾಗುತ್ತದೆ. ಇದು ಧನಾತ್ಮಕ ಮರುಪರಿಣಾಮ. ಲಾರ್ಚ್ ಇರುವಲ್ಲಿ ನಿತ್ಯಹರಿದ್ವರ್ಣ ಸ್ಪ್ರೂಸ್ ಬಂದರೂ ಫಲ ಇದೇ.

10. ಕಾಡು ಗಾಳಿಯಲ್ಲಿ ಹುಟ್ಟಿಸುವ ಕಣಗಳು

• ಸೂಚಿಪರ್ಣಿ ಮರಗಳು ಆಲ್ಫಾ-ಪೈನೀನ್ ಮುಂತಾದ ಮಾನೊಟರ್ಪೀನ್ ಆವಿಗಳನ್ನು ಬಿಡುತ್ತವೆ. ಪೈನ್ ಕಾಡಿನ ಪರಿಮಳ ಇವುಗಳದೇ. ಗಾಳಿಯಲ್ಲಿ ಇವು ಆಕ್ಸೀಕರಣಗೊಂಡು ಅತಿ ಸಣ್ಣ ಕಣಗಳಾಗುತ್ತವೆ.
• ಈ ಕಣಗಳು ಬಿಸಿಲನ್ನು ಚದುರಿಸುತ್ತವೆ, ಮೋಡದ ಹನಿಗಳಿಗೆ ಬೀಜವಾಗಿ ಮೋಡವನ್ನು ಬೆಳ್ಳಗಾಗಿಸುತ್ತವೆ. ಕಾಡಿನ ಮೇಲೆ ಕಾಣುವ ನೀಲಿ ಮಬ್ಬಿಗೆ ಗಿಡಗಳ ಆವಿಯೇ ಕಾರಣವೆಂದು 1960ರಲ್ಲಿ ಫ್ರಿಟ್ಸ್ ವೆಂಟ್ ಪ್ರತಿಪಾದಿಸಿದರು.
• ಫಿನ್ಲೆಂಡಿನ ಹ್ಯುಟಿಯಾಲಾ ಪೈನ್ ಕಾಡಿನಲ್ಲಿರುವ ಸ್ಮಿಯರ್-2 ಕೇಂದ್ರ 1990ರ ದಶಕದ ಮಧ್ಯದಿಂದ ಈ ಕಣಗಳ ಹುಟ್ಟನ್ನು ಅಳೆಯುತ್ತಿದೆ. ಮಾರ್ಕು ಕುಲ್ಮಲಾ ಈ ಸಂಶೋಧನೆಯ ಪ್ರಮುಖ ಹೆಸರು.
• ನೆನಪಿಡಿ: ಎಲೆ ಹಾಸು ಬಿಸಿಲು ಹೀರಿ ಬಿಸಿ ಮಾಡುತ್ತದೆ. ಅದೇ ಕಾಡಿನ ಆವಿ ಬಿಸಿಲನ್ನು ಚದುರಿಸಿ ತಂಪು ಮಾಡುತ್ತದೆ.

11. ಭಾರತದ ಸೂಚಿಪರ್ಣಿಗಳು

• ಪಶ್ಚಿಮ ಹಿಮಾಲಯದಲ್ಲಿ ಕೆಳ ಎತ್ತರದಲ್ಲಿ ಚೀರ್ ಪೈನ್, ಅದರ ಮೇಲೆ ದೇವದಾರು ಮತ್ತು ನೀಲಿ ಪೈನ್, ಇನ್ನೂ ಮೇಲೆ ಸ್ಪ್ರೂಸ್ ಮತ್ತು ಫರ್. ಪೂರ್ವ ಹಿಮಾಲಯದಲ್ಲಿ ಎಲೆಯುದುರಿಸುವ ಹಿಮಾಲಯನ್ ಲಾರ್ಚ್ ಇದೆ.
• ಸುಮಾರು 30 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಇಲ್ಲಿ ಚಳಿಗಾಲದಲ್ಲೂ ಸೂರ್ಯ ಟೈಗಾಕ್ಕಿಂತ ಎತ್ತರದಲ್ಲಿರುತ್ತಾನೆ. ಬೋರಿಯಲ್ ತೀರ್ಮಾನವನ್ನು ಹಿಮಾಲಯಕ್ಕೆ ಹಾಗೆಯೇ ಹೊಂದಿಸುವಂತಿಲ್ಲ.
• ಪಶ್ಚಿಮ ಘಟ್ಟದ ಸ್ಥಳೀಯ ಕೋನಿಫರ್ (ಸೂಚಿಪರ್ಣಿಗಳ ಗುಂಪಿನ ಮರ) ಒಂದೇ: ನಾಗಿಯಾ ವಾಲಿಚಿಯಾನ (ಹಳೆಯ ಹೆಸರು ಪೋಡೊಕಾರ್ಪಸ್ ವಾಲಿಚಿಯಾನಸ್). ಅದರ ಎಲೆ ಸೂಜಿಯಲ್ಲ, ಅಗಲ.

12. ಇಲ್ಲಿ ಗೊಂದಲ ಬೇಡ

• ಪ್ರತಿಫಲನದ ಹಾಟ್‌ಸ್ಪಾಟ್ ಬೇರೆ, ನಾರ್ಮನ್ ಮೈಯರ್ಸ್ 1988ರಲ್ಲಿ ಮಂಡಿಸಿದ ಜೀವವೈವಿಧ್ಯ ಹಾಟ್‌ಸ್ಪಾಟ್ ಬೇರೆ.
• ಕೋನಿಫರ್‌ಗಳೆಲ್ಲ ನಿತ್ಯಹರಿದ್ವರ್ಣವಲ್ಲ: ಲಾರ್ಚ್ ನೆನಪಿರಲಿ.
• ಆಲ್ಬೆಡೊ ಹೆಚ್ಚಾದರೆ ಹೀರಿಕೆ ಕಡಿಮೆ, ಮೇಲ್ಮೈ ತಂಪು. ಹಲವರು ಇದನ್ನು ತಿರುಗಿಸಿ ಬರೆಯುತ್ತಾರೆ.

13. ಮಾದರಿ ಪ್ರಶ್ನೆಗಳು

ಪ್ರ: ಹಿಮಗಾಲದಲ್ಲಿ ಅತಿ ಕಡಿಮೆ ಆಲ್ಬೆಡೊ ಯಾವುದರದು: ಹುಲ್ಲುನೆಲ, ಆಸ್ಪೆನ್ ಕಾಡು, ಸ್ಪ್ರೂಸ್ ಕಾಡು?
ಉ: ಸ್ಪ್ರೂಸ್ ಕಾಡು.

ಪ್ರ: ಎಲೆ ಅತಿ ಹೆಚ್ಚು ಚದುರಿಸುವುದು ಯಾವ ಪಟ್ಟಿಯಲ್ಲಿ?
ಉ: ಸಮೀಪ ಅವಕೆಂಪು, 750–1300 ನ್ಯಾನೊಮೀಟರ್.

ಪ್ರ: ಬೋರಿಯಾಸ್ ಯೋಜನೆ ನಡೆದ ದೇಶ?
ಉ: ಕೆನಡಾ.

ಪ್ರ: ಸೂಚಿಪರ್ಣಿ ಕಾಡು ಗಾಢವಾಗಿರಲು ಮುಖ್ಯ ಕಾರಣವೇನು? (2 ಅಂಕ)
ಉ: ಸೂಜಿಗಳ ಗೊಂಚಲು ಜೋಡಣೆಯಿಂದ ಬೆಳಕು ಒಳಗೇ ಮರುಡಿಕ್ಕಿ ಹೊಡೆದು ಹೀರಿಕೆಯಾಗುವುದು, ಶಂಕುವಿನಾಕಾರದ ಮರಗಳು ಪರಸ್ಪರ ನೆರಳು ಚೆಲ್ಲುವುದು.

ಪ್ರ: 'ಎಲ್ಲೆಡೆ ಮರ ನೆಡುವುದೇ ತಾಪಮಾನ ಏರಿಕೆಗೆ ಪರಿಹಾರ.' ವಿಮರ್ಶಿಸಿ. (10 ಅಂಕ)
ಉತ್ತರದ ಚೌಕಟ್ಟು: ಕಾರ್ಬನ್, ಆವಿಯಾಗುವಿಕೆ, ಆಲ್ಬೆಡೊ ಎಂಬ ಮೂರು ದಾರಿಗಳು; ಮೂರು ವಲಯಗಳ ಹೋಲಿಕೆ; 2000, 2007, 2016ರ ಅಧ್ಯಯನಗಳು; ಮುಂಗಾರಿನ ಮೇಲಿನ ಪರಿಣಾಮ; ಇರುವ ಕಾಡಿನ ರಕ್ಷಣೆ ಮತ್ತು ಹೊಸ ನೆಡುತೋಪಿನ ನಡುವಿನ ವ್ಯತ್ಯಾಸ.

ಇಂಥ ಪ್ರಶ್ನೆಗೆ 'ಮರ ನೆಟ್ಟರೆ ತಂಪು' ಎಂಬ ಒಂದೇ ಸಾಲಿನ ಉತ್ತರ ಸಾಲದು. ಯಾವ ಅಕ್ಷಾಂಶ, ಯಾವ ಜಾತಿಯ ಮರ, ನೆಲದ ಮೇಲೆ ಹಿಮವಿದೆಯೇ ಎಂಬ ಮೂರನ್ನು ಮೊದಲು ಕೇಳಿಕೊಂಡು ಬರೆಯಿರಿ. ನಮ್ಮ ಉಷ್ಣವಲಯದಲ್ಲಿ ಈ ಮೂರು ಪ್ರಶ್ನೆಗಳ ಉತ್ತರವೂ ಕಾಡಿನ ಪರವಾಗಿಯೇ ಇದೆ. ಆದ್ದರಿಂದ ಇಲ್ಲಿಯ ಕಾಡನ್ನು ಉಳಿಸುವುದು, ಬೆಳೆಸುವುದು ಎರಡೂ ಹವಾಮಾನಕ್ಕೆ ನೇರ ಲಾಭವೇ.